ಕರಿಎಲೆಗೆ ತಳಿ ಉಂಟು, ಮನುಷ್ಯನಿಗೆ ಎಲ್ಲಿದೆ?



*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ, ತಾಯಂದಿರೇ,

ನಮ್ಮ ಹಾನಗಲ್ಲಿನ ನೆರೆಯ ಸವಣೂರು ವೀಳ್ಯದೆಲೆಗೆ ಹೆಸರಾದ ಊರು. ಜಾಗ ಇದ್ದವರು ತೋಟ ಮಾಡುತ್ತಾರೆ, ಇಲ್ಲದವರು ಬಾಗಿಲ ಪಕ್ಕದ ಕುಂಡದಲ್ಲಿ ಒಂದು ಬಳ್ಳಿ ಹಬ್ಬಿಸುತ್ತಾರೆ. ನಮ್ಮ ಸೀಮೆಯ ಎಲೆಯಲ್ಲಿ ಕರಿಎಲೆ, ಅಂಬಾಡಿ ಎಂಬ ತಳಿಗಳಿವೆ. ಕರಿಎಲೆಯ ಹಸಿರು ದಟ್ಟ, ಖಾರ ಹೆಚ್ಚು. ಅಂಬಾಡಿಯ ಬಣ್ಣ ತಿಳಿ. ಪಳಗಿದ ತೋಟದವರು ಎಲೆ ನೋಡಿದ ಕೂಡಲೇ ಯಾವ ತಳಿ ಎಂದು ಹೇಳುತ್ತಾರೆ. ಕಪ್ಪಗಿದೆ ಎಂದು ಕರಿಎಲೆಯನ್ನು ಯಾರೂ ಕೀಳು ಅನ್ನುವುದಿಲ್ಲ. ಖಾರ ಬೇಕಾದವರು ಅದನ್ನೇ ಕೇಳಿ ಒಯ್ಯುತ್ತಾರೆ.

ಈ ತಳಿ ಬದಲಾಗದೆ ಉಳಿಯುವುದು ಹೇಗೆ? ಎಲೆಬಳ್ಳಿಯನ್ನು ತೋಟದಲ್ಲಿ ಬೀಜ ಬಿತ್ತಿ ಬೆಳೆಸುವುದಿಲ್ಲ. ಬಳ್ಳಿಯ ತುಂಡು ಕತ್ತರಿಸಿ ನುಗ್ಗೆ, ಚೊಗಚೆ, ಹಾಲುವಾಣದಂಥ ಗಿಡದ ಬುಡದಲ್ಲಿ ನೆಡುತ್ತಾರೆ. ತಾಯಿಬಳ್ಳಿ ಹೇಗೋ ಹೊಸ ಬಳ್ಳಿಯೂ ಹಾಗೆಯೇ. ಅದಕ್ಕೇ ಕರಿಎಲೆ ಕರಿಎಲೆಯಾಗಿಯೇ ಉಳಿದಿದೆ.

*ಭಗವಾನ್ ಬುದ್ಧರು ಹೇಳಿದ್ದೇನು?*

ವಾಸೆಟ್ಠ ಸುತ್ತದಲ್ಲಿ ಇಬ್ಬರು ಬ್ರಾಹ್ಮಣ ಯುವಕರಿಗೆ ವಾದ ಬೀಳುತ್ತದೆ. ತಂದೆ ತಾಯಿ ಎರಡೂ ಕಡೆ ಏಳು ತಲೆಮಾರು ಶುದ್ಧವಾಗಿದ್ದರೆ ಬ್ರಾಹ್ಮಣ ಎಂದು ಭಾರದ್ವಾಜ ವಾದಿಸುತ್ತಾನೆ. ಶೀಲದಿಂದ, ನಡತೆಯಿಂದ ಬ್ರಾಹ್ಮಣ ಎಂದು ವಾಸೆಟ್ಠ ಹೇಳುತ್ತಾನೆ. ಇಬ್ಬರೂ ಬುದ್ಧರ ಬಳಿ ಬರುತ್ತಾರೆ. ಬುದ್ಧರು ಮಾತು ಆರಂಭಿಸಿದ್ದು ಹುಲ್ಲು ಮತ್ತು ಮರಗಳಿಂದ. ಅವುಗಳಲ್ಲಿ, ಹುಳುಗಳಲ್ಲಿ, ನಾಲ್ಕು ಕಾಲಿನ ಪ್ರಾಣಿಗಳಲ್ಲಿ, ಮೀನು, ಹಕ್ಕಿಗಳಲ್ಲಿ ಹುಟ್ಟಿನಿಂದಲೇ ಬಂದ ಗುರುತುಗಳಿವೆ ಎಂದರು. ಆಮೇಲೆ ಮನುಷ್ಯನ ಕೂದಲು, ಕಿವಿ, ಕಣ್ಣು, ಬಾಯಿ, ಕೈಕಾಲು ಎಂದು ಒಂದೊಂದನ್ನೇ ಎಣಿಸಿ, ಇಲ್ಲಿ ಅಂಥ ಗುರುತು ಯಾವುದೂ ಇಲ್ಲ ಎಂದು ತೋರಿಸಿದರು. ಮನುಷ್ಯರ ನಡುವಿನ ಭೇದ ನಾವು ಇಟ್ಟ ಹೆಸರು ಮಾತ್ರ.

*ಬಾಬಾಸಾಹೇಬರು ತೋರಿಸಿದ್ದೇನು?*

1916ರಲ್ಲಿ, 25ನೇ ವಯಸ್ಸಿನಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬಾಬಾಸಾಹೇಬರು ಭಾರತದ ಜಾತಿಗಳ ಬಗ್ಗೆ ಪ್ರಬಂಧ ಮಂಡಿಸಿದರು. ಜಾತಿಯ ಜೀವಾಳ ಒಳಮದುವೆ, ಅಂದರೆ ತಮ್ಮ ತಮ್ಮೊಳಗೇ ಹೆಣ್ಣು ಕೊಟ್ಟು ತರುವುದು ಎಂದು ವಿವರಿಸಿದರು. 20 ವರ್ಷಗಳ ನಂತರ, 1936ರ ಜಾತಿ ವಿನಾಶದಲ್ಲಿ, ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಎಂದರು.

ಈಗ ಎಲೆತೋಟವನ್ನು ನೆನಪಿಸಿಕೊಳ್ಳಿ. ತುಂಡು ನೆಟ್ಟು ತಳಿ ಉಳಿಸುವುದು ಬಳ್ಳಿಗೆ ಸರಿ. ಮನುಷ್ಯ ತುಂಡಿನಿಂದ ಬೆಳೆಯುವುದಿಲ್ಲ, ಇಬ್ಬರು ಕೂಡಿ ಬಾಳಿದಾಗ ಮಗು ಹುಟ್ಟುತ್ತದೆ. ಜಾತಿಯ ಬೇಲಿ ಮನುಷ್ಯರನ್ನೂ ಎಲೆಬಳ್ಳಿಯಂತೆ ಬೆಳೆಸಲು ಹೊರಟಿದೆ. ಇಲ್ಲದ ತಳಿಯನ್ನು ಕಾಯುವುದಕ್ಕೆ ಎಷ್ಟು ಮಕ್ಕಳ ಬಾಳು ಹಾಳಾಯಿತು!

*ನಮ್ಮ ಮನೆಯ ಮಾತು*

ಬೇರೆಯವರ ಬೇಲಿ ಬಿಡಿ, ನಮ್ಮ ಅಂಗಳ ನೋಡೋಣ. ಗೋಡೆಯ ಮೇಲೆ ಬುದ್ಧರ, ಬಾಬಾಸಾಹೇಬರ ಪಟ ಇರುತ್ತದೆ. ಕೆಳಗೆ ಕುಳಿತು ಸಂಬಂಧದ ಮಾತು ನಡೆಯುತ್ತದೆ. “ಅವರು ನಮ್ಮ ಪೈಕಿನಾ, ಬ್ಯಾರೆ ಪೈಕಿನಾ?” ಎಂದು ಒಬ್ಬರು. “ಹುಡುಗಿ ಬಣ್ಣ ಹೆಂಗೈತಿ?” ಎಂದು ಇನ್ನೊಬ್ಬರು. ಒಳಗೆ ಚಹಾ ಸೋಸುತ್ತಿರುವ ಮಗಳಿಗೆ ಎರಡೂ ಕೇಳಿಸುತ್ತವೆ. ಅವಳು ಓದಿದ್ದಾಳೆ, ದುಡಿಯುತ್ತಾಳೆ, ಪಂಚಶೀಲ ಪಾಲಿಸುತ್ತಾಳೆ. ಅದನ್ನು ಯಾರೂ ಕೇಳಲಿಲ್ಲ. ವರ್ಣ ಎಂಬ ಮಾತಿಗೆ ಬಣ್ಣ ಎಂಬ ಅರ್ಥವೂ ಇದೆ. ನಾಗಪುರದಲ್ಲಿ 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಬಿಡಿಸಿದ ವರ್ಣವನ್ನು ನಾವು ಹಿತ್ತಲ ಬಾಗಿಲಿನಿಂದ ಒಳಗೆ ಕರೆದಂತಾಯಿತು. ಎಲ್ಲ ಮನುಷ್ಯರೂ ಸಮಾನರೆಂದು ನಂಬುವುದು, ಆ ಸಮಾನತೆಗಾಗಿ ದುಡಿಯುವುದು 22 ಪ್ರತಿಜ್ಞೆಗಳಲ್ಲಿ ಸೇರಿವೆ. ಸಂಬಂಧ ನೋಡುವ ದಿನ ಅವು ರದ್ದಾಗುವುದಿಲ್ಲ.

ಸಂತೆಯಲ್ಲಿ ಕರಿಎಲೆಯನ್ನು ಗುಣ ನೋಡಿ ಕೊಳ್ಳುವ ನಾವು, ಮನೆಯ ಮಗಳ ಗುಣ ನೋಡಲಾರೆವೇ?

*ಇಂದಿನ ಅಭ್ಯಾಸ:* ಮುಂದೆ ಯಾವ ಮನೆಯಲ್ಲಿ ಸಂಬಂಧದ ಮಾತು ಬಂದರೂ ಪೈಕಿ ಮತ್ತು ಬಣ್ಣ, ಈ ಎರಡು ಪ್ರಶ್ನೆ ಕೇಳುವುದಿಲ್ಲ. ಬೇರೆಯವರು ಕೇಳಿದರೆ ಸುಮ್ಮನೆ ಕೂರುವುದೂ ಇಲ್ಲ. ಶೀಲ ಹೇಗೆ, ದುಡಿಮೆ ಏನು, ಹುಡುಗ ಹುಡುಗಿಗೆ ಒಪ್ಪಿಗೆಯೇ ಎಂದು ಕೇಳೋಣ.

ಮನೆಯ ಹಿರಿಯರಿಗೆ ಇದನ್ನು ಓದಿ ಹೇಳಿ.

*ನಮೋ ಬುದ್ಧಾಯ, ಜೈ ಭೀಮ್* 💙