ಊರ ನೀರು, ಊರ ಹೆಸರು

2023ರ ನವೆಂಬರ್ ಕೊನೆಯ ವಾರ. ಕೋಣಗಳನ್ನು ಹೊತ್ತ ಲಾರಿಗಳು ಉಪ್ಪಿನಂಗಡಿಯಿಂದ ಸಾಲುಗಟ್ಟಿ ಹೊರಟು ಶಿರಾಡಿ ಘಾಟಿ ಹತ್ತಿದವು. ಹಾಸನದಲ್ಲಿ ಇಳಿಸಿ ವಿಶ್ರಾಂತಿ, ಅಲ್ಲಿಂದ ನೇರ ಬೆಂಗಳೂರಿನ ಅರಮನೆ ಮೈದಾನದ ಕಂಬಳಕ್ಕೆ. ಲಾರಿಯೊಳಗೆ ಬೈಹುಲ್ಲು, ಹುರುಳಿ, ಎಣ್ಣೆ. ಅದರ ಜೊತೆ ಕ್ಯಾನುಗಳಲ್ಲಿ ತುಂಬಿಸಿಟ್ಟ ಊರಿನ ನೀರು. ನೀರು ಬದಲಾದರೆ ಕೋಣದ ಹೊಟ್ಟೆ ಕೆಡುತ್ತದೆ, ಓಟವೂ ಕೆಡುತ್ತದೆ. ಆ ಭಯ ಕೋಣ ಸಾಕಿದ ಪ್ರತಿ ಮನೆಗೂ ಗೊತ್ತು.

ಅರಮನೆ ಮೈದಾನದಲ್ಲಿ ಕಟ್ಟಿಹಾಕಿದ್ದ ಒಂದು ಜೋಡಿಯ ಬಳಿ ನಾನು ಬಹಳ ಹೊತ್ತು ನಿಂತಿದ್ದೆ. ನೋಡಿಕೊಳ್ಳುವ ಹುಡುಗ ಕ್ಯಾನಿನ ಮುಚ್ಚಳ ತೆಗೆದು ಬಕೆಟ್ಟಿಗೆ ಸುರಿದ. ಕೋಣ ಮೂತಿ ಇಳಿಸಿತು, ಮೂಸಿತು, ಒಂದು ಗಳಿಗೆ ಹಾಗೇ ತಡೆಯಿತು. ಹುಡುಗ ಉಸಿರು ಬಿಗಿಹಿಡಿದಿದ್ದ. ಆಮೇಲೆ ಒಂದೇ ಗುಕ್ಕಿಗೆ ಬಕೆಟ್ಟು ಅರ್ಧ ಖಾಲಿ. ಅವನು ಅದರ ಬೆನ್ನು ತಟ್ಟಿದ ರೀತಿ ನೋಡಿದ್ದರೆ, ಕಂಬಳದಲ್ಲಿ ಪ್ರೀತಿ ಎಲ್ಲಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಕಂಬಳಕ್ಕೆ ಬೆಂಗಳೂರು ಹೊಸ ಊರು. ಆಟವೊಂದು ಹೊಸ ಊರಿಗೆ ಹೋದ ಮೊದಲ ವರ್ಷ ಎಲ್ಲ ಕಡೆಯೂ ಕಷ್ಟದ್ದೇ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಡಾಡ್ಜರ್ಸ್ ಎಂಬ ಬೇಸ್‌ಬಾಲ್ ತಂಡ 1958ರಲ್ಲಿ ಅಮೆರಿಕದ ಇನ್ನೊಂದು ತುದಿಯ ಲಾಸ್ ಏಂಜಲೀಸ್‌ಗೆ ಹೋಯಿತು. ಅಲ್ಲಿ ಅದಕ್ಕೆ ಸ್ವಂತ ಮೈದಾನವಿರಲಿಲ್ಲ. 1932ರ ಒಲಿಂಪಿಕ್ಸ್ ನಡೆದ ಕ್ರೀಡಾಂಗಣವನ್ನೇ ಹೇಗೋ ಹೊಂದಿಸಿಕೊಂಡರು. ಎಡಬದಿಯ ಗಡಿ ಕೇವಲ 251 ಅಡಿಗೆ ಬಂದದ್ದರಿಂದ 42 ಅಡಿ ಎತ್ತರದ ಬಲೆ ಕಟ್ಟಬೇಕಾಯಿತು. ಮೊದಲ ಪಂದ್ಯಕ್ಕೆ 78 ಸಾವಿರಕ್ಕೂ ಹೆಚ್ಚು ಜನ ಬಂದರು. ತಂಡ ಮಾತ್ರ ಆ ವರ್ಷ ಎಂಟರಲ್ಲಿ ಏಳನೆಯದಾಯಿತು. ಬ್ರೂಕ್ಲಿನ್ ಬೀದಿಗಳಲ್ಲಿ ಟ್ರಾಮಿಗೆ ಸಿಕ್ಕದೆ ತಪ್ಪಿಸಿಕೊಂಡು ಓಡಾಡುತ್ತಿದ್ದ ಜನರಿಂದ ಬಂದ ಹೆಸರು ಡಾಡ್ಜರ್ಸ್. ಹೆಸರಿನ ಆ ಅರ್ಧ ಹೊಸ ಊರಿಗೂ ಹೋಯಿತು; ಬ್ರೂಕ್ಲಿನ್ ಎಂಬ ಇನ್ನರ್ಧ ಹಿಂದೆ ಉಳಿಯಿತು. ಉಳಿದವರ ದುಃಖ ಅಲ್ಲಿನ ಹಿರಿಯರಲ್ಲಿ ಬಹುಕಾಲ ಆರಲಿಲ್ಲ.

ನಮ್ಮಲ್ಲಿ ಕೋಣಗಳು ಓಡುವ ಕೆಸರಿನ ಹಾದಿಗೆ ಕರೆ ಎನ್ನುತ್ತಾರೆ; ಆ ಕರೆಗಳಿಗೂ ಹೆಸರುಂಟು. ಮೂಡುಬಿದಿರೆಯದು ಕೋಟಿ-ಚೆನ್ನಯ. ಬೆಳ್ತಂಗಡಿ ತಾಲೂಕಿನ ವೇಣೂರಿನದು ಸೂರ್ಯ-ಚಂದ್ರ. ಬಂಟ್ವಾಳದ ಕಕ್ಯಪದವಿನದು ಸತ್ಯ-ಧರ್ಮ. ಅರಮನೆ ಮೈದಾನದಲ್ಲಿ ಮಣ್ಣು ತಂದು ಹೊಸದಾಗಿ ಮಾಡಿದ ಕರೆಗೆ ರಾಜ-ಮಹಾರಾಜ ಎಂದು ಹೆಸರಿಟ್ಟರು. ಆ ಜಾಗಕ್ಕೆ ಅದು ಒಪ್ಪುವ ಹೆಸರೇ. ಪುತ್ತೂರಿನ ಶಾಸಕ ಅಶೋಕ್ ರೈ ಮುಂದೆ ನಿಂತು ನಡೆಸಿದ ಆ ಕಂಬಳದ ಕರೆ 155 ಮೀಟರ್, ನಮ್ಮ ಕಡೆಯ ಕರೆಗಳಿಗಿಂತ ಉದ್ದ. ಕೋಣಕ್ಕೆ ಮೀಟರ್ ಲೆಕ್ಕ ಗೊತ್ತಿಲ್ಲ. ಓಟ ಮುಗಿಯುವ ಮಂಜೊಟ್ಟಿ ಇಷ್ಟು ಹೊತ್ತಿಗೆ ಬರಬೇಕಿತ್ತಲ್ಲ ಎಂದು ಅದರ ಕಾಲಿಗೆ ಅನಿಸದೆ ಇದ್ದೀತೆ?

ಕಾಲಿನ ಮಾತು ಬಂದಾಗ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರ ನೆನಪಾಗುತ್ತದೆ. 2020ರ ಫೆಬ್ರುವರಿಯಲ್ಲಿ ಐಕಳದ ಕರೆಯಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಅವರನ್ನು ಉಸೇನ್ ಬೋಲ್ಟ್ ಜೊತೆ ಹೋಲಿಸಿತು. ಕ್ರೀಡಾ ಪ್ರಾಧಿಕಾರದಿಂದ ಟ್ರಯಲ್ಸ್‌ಗೆ ಕರೆ ಬಂತು. ಅವರು ಹೋಗಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಬಲ ಮುಖ್ಯ, ಟ್ರ್ಯಾಕಿನಲ್ಲಿ ಬೆರಳಿನದು ಎಂದು ಅವರು ಹೇಳಿದ್ದರಲ್ಲಿ ಒಬ್ಬ ಕಸುಬುದಾರನ ಪೂರ್ತಿ ತಿಳಿವಳಿಕೆ ಇತ್ತು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿ 143 ಮೀಟರನ್ನು 13.61ಕ್ಕೆ ಮುಗಿಸಿದರು. ಅವರ ಹೆಸರಿನ ಮುಂದೆ ಊರು ಹೇಗೆ ನಿಂತಿದೆ ನೋಡಿ.

ಇದು ಕಂಬಳದ ರೂಢಿ. ಮೈಕಿನಲ್ಲಿ ಕೋಣಗಳನ್ನು ಕರೆಯುವಾಗ ಊರು ಮೊದಲು, ಮನೆ ಆಮೇಲೆ, ಯಜಮಾನರ ಹೆಸರು ಕೊನೆಗೆ. ಓಡಿಸಿದವರ ಹೆಸರಿಗೂ ಊರೇ ಮುಂದೆ. ಬೆಂಗಳೂರಿಗೆ ಹೋದರೂ ಈ ಕ್ರಮ ಒಂದಿಷ್ಟೂ ಬದಲಾಗಲಿಲ್ಲ. ಕಂಬಳವನ್ನು ನಗರಕ್ಕೆ ಒಯ್ದದ್ದು ಸರಿಯೇ ಎಂದು ಆಗ ಬಹಳ ಚರ್ಚೆ ನಡೆಯಿತು. ಗದ್ದೆಯಿಲ್ಲದ, ಕೊಯ್ಲಿಲ್ಲದ ಜಾಗದಲ್ಲಿ ಇದೆಂಥ ಕಂಬಳ ಎಂದವರ ನೋವು ನನಗೂ ಅರ್ಥವಾಗುತ್ತದೆ. ಅದು ಬರೀ ಹಟವಲ್ಲ. ಆದರೂ ಆ ರಾತ್ರಿ ದೀಪದ ಬೆಳಕಲ್ಲಿ ಊರುಗಳ ಹೆಸರು ಒಂದರ ಹಿಂದೊಂದು ಕೇಳುತ್ತಾ ನಿಂತಾಗ, ಹೋದದ್ದು ಒಳ್ಳೆಯದಾಯಿತು ಎಂದೇ ನನಗೆ ಅನಿಸಿತು.

ನನ್ನ ಪಕ್ಕದಲ್ಲಿದ್ದವರು ಹೋಟೆಲಿನಲ್ಲಿ ಸಪ್ಲೈಯರ್. ರಾತ್ರಿ ಪಾಳಿ ಬೇರೆಯವರಿಗೆ ವಹಿಸಿ ಬಂದಿದ್ದರು, ಯೂನಿಫಾರಂ ಅಂಗಿ ಇನ್ನೂ ಮೈಮೇಲಿತ್ತು. ಊರು ಬಿಟ್ಟು ಇಪ್ಪತ್ತೆರಡು ವರ್ಷವಾಯಿತಂತೆ. ಮೈಕಿನಲ್ಲಿ ಬೆಳ್ತಂಗಡಿ ಕಡೆಯ ಒಂದು ಹಳ್ಳಿಯ ಹೆಸರು ಬಂದದ್ದೇ ತಡ, ಅವರು ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು. ಕೋಣಗಳು ಓಟ ಶುರುವಾಗುವ ಗಂತಿನಿಂದ ಹೊರಟು, ಕೆಸರು ಎರಡಾಳು ಎತ್ತರ ಚಿಮ್ಮಿ, ಮಂಜೊಟ್ಟಿ ಹತ್ತಿ ನಿಂತರೂ ಬಿಡಲಿಲ್ಲ. ಆ ಜೋಡಿ ಗೆದ್ದಿತೋ ಸೋತಿತೋ ಅವರು ಕೇಳಲೇ ಇಲ್ಲ. ತುಳುವಿನಲ್ಲಿ ಅವರು ಕೇಳಿದ್ದು ಒಂದೇ: “ಹೆಸರು ಇನ್ನೊಮ್ಮೆ ಹೇಳುತ್ತಾರಾ?”