ಬಿಚ್ಚಿ ಕಟ್ಟಿದ ಗಾಡಿ ಯಾವುದು?

ಮುಂಬಯಿಯ ಕುರ್ಲಾದ ಸಿ.ಎಸ್.ಟಿ. ರಸ್ತೆಯ ಹಳೆ ಬಿಡಿಭಾಗಗಳ ಅಂಗಡಿಗಳಲ್ಲಿ ಜೀಪೊಂದು ಇಡಿಯಾಗಿ ಉಳಿಯುವುದು ಅಪರೂಪ. ಗೇರ್‌ಬಾಕ್ಸ್ ಒಂದು ರಾಶಿಗೆ ಸೇರುತ್ತದೆ, ಆಕ್ಸೆಲ್ ಇನ್ನೊಂದಕ್ಕೆ, ರೇಡಿಯೇಟರ್ ಮತ್ತೊಂದಕ್ಕೆ. ಪಕ್ಕದ ಚೆಂಬೂರಿನಲ್ಲಿ ಯಾರಾದರೂ ಬಂಡೆ ಹತ್ತುವ, ಪೈಪಿನ ಚೌಕಟ್ಟಿನ ಹಳೆಯ ಬಗ್ಗಿ ಗಾಡಿ ಕೊಂಡು ರಿಪೇರಿಗೆ ಇಳಿದರೆ ಹುಡುಕಾಟ ಶುರುವಾಗುವುದು ಇಂಥ ರಾಶಿಗಳಲ್ಲೇ. ಮೊದಲು ಎಂಜಿನ್ ಬದಲಾಗುತ್ತದೆ. ಆಮೇಲೆ ಆಕ್ಸೆಲ್, ಸ್ಪ್ರಿಂಗು, ಸ್ಟೀರಿಂಗ್. ಕೊನೆಗೆ ಪೈಪಿನ ಚೌಕಟ್ಟಿನ ಅರ್ಧವನ್ನೂ ಕತ್ತರಿಸಿ ಹೊಸದಾಗಿ ಬೆಸೆದದ್ದಾಗುತ್ತದೆ. ಈಗ ಶೆಡ್ಡಿನಲ್ಲಿ ನಿಂತಿರುವುದು ಅಂದು ದುಡ್ಡು ಕೊಟ್ಟು ತಂದ ಗಾಡಿಯೇ?

ಈ ಪ್ರಶ್ನೆಗೆ ಭಾರತದ ದಾರ್ಶನಿಕರು ಎರಡು ಸಾವಿರ ವರ್ಷ ವಾದ ಹೂಡಿದ್ದಾರೆ. ಅವರು ಎತ್ತಿಕೊಂಡ ಉದಾಹರಣೆಯೂ ಗಾಡಿಯೇ.

ಪಾಲಿ ಭಾಷೆಯ ‘ಮಿಲಿಂದಪನ್ಹ’ದಲ್ಲಿ ಸಾಗಲ ನಗರದ ದೊರೆ ಮಿಲಿಂದ, ಅಂದರೆ ಗ್ರೀಕ್ ಮೂಲದ ಮಿನಾಂಡರ್, ಭಿಕ್ಷು ನಾಗಸೇನನನ್ನು ಕಾಣಲು ರಥದಲ್ಲಿ ಬರುತ್ತಾನೆ. ನಾಗಸೇನ ಒಂದೊಂದೇ ಕೇಳುತ್ತಾ ಹೋಗುತ್ತಾನೆ: ಅಚ್ಚು ರಥವೇ? ಚಕ್ರವೇ? ನೊಗವೇ? ಯಾವುದೂ ಅಲ್ಲ. ಎಲ್ಲವನ್ನೂ ಬಿಟ್ಟು ಬೇರೆ ರಥವಿದೆಯೇ? ಅದೂ ಇಲ್ಲ. ಭಾಗಗಳು ಕೂಡಿದಾಗ ವ್ಯವಹಾರಕ್ಕಾಗಿ ಇಟ್ಟ ಹೆಸರು ಮಾತ್ರ ರಥ. ಮನುಷ್ಯನೂ ಹಾಗೆಯೇ ಎಂಬುದು ಬೌದ್ಧರ ತೀರ್ಮಾನ.

ಮುಂಬಯಿಯ ಜೀಪಿಗಂತೂ ಈ ಮಾತು ಹುಟ್ಟಿನಿಂದಲೇ ಒಪ್ಪುತ್ತದೆ. 1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳು ಬಿಡಿಬಿಡಿಯಾಗಿ ಹಡಗಿನಲ್ಲಿ ಬಂದು ಮಜಗಾಂವ್‌ನಲ್ಲಿ ಜೋಡಣೆಯಾದವು. ಜೋಡಿಸಿದ ಕಂಪನಿ 1945ರಲ್ಲಿ ಹುಟ್ಟಿದಾಗ ಅದರ ಹೆಸರು ಮಹೀಂದ್ರ ಆ್ಯಂಡ್ ಮೊಹಮ್ಮದ್. ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ ಮಹೀಂದ್ರ ಆ್ಯಂಡ್ ಮಹೀಂದ್ರ ಆಯಿತು. ಹೆಸರಿನ ಅರ್ಧ ಹೋಯಿತು, ಕಂಪನಿ ಮಾತ್ರ ಅದೇ ಎಂದು ಎಲ್ಲರೂ ಒಪ್ಪಿದರು.

ನ್ಯಾಯ-ವೈಶೇಷಿಕ ದರ್ಶನದವರು ನಾಗಸೇನನ ಮಾತನ್ನು ಒಪ್ಪುವವರಲ್ಲ. ಅವಯವಗಳಿಗಿಂತ ಬೇರೆಯಾದ ‘ಅವಯವಿ’ ಎಂಬ ಇಡೀ ವಸ್ತು ನಿಜವಾಗಿಯೂ ಇದೆ ಎನ್ನುತ್ತಾರೆ ಅವರು. ಆದರೆ ಅವರ ಲೆಕ್ಕ ಕಠಿಣ: ಬಟ್ಟೆಯಿಂದ ಒಂದು ನೂಲು ಎಳೆದರೂ ಹಳೆಯ ಬಟ್ಟೆ ನಾಶವಾಗಿ ಹೊಸದು ಹುಟ್ಟುತ್ತದೆ. ಈ ಲೆಕ್ಕ ಹಿಡಿದರೆ ಮೆಕ್ಯಾನಿಕ್ ಒಂದು ಬೋಲ್ಟು ಬಿಚ್ಚಿದ ಕ್ಷಣವೇ ಬಗ್ಗಿಯ ಕಥೆ ಮುಗಿಯಿತು.

ಇವೆರಡರ ನಡುವೆ ಜೈನರು ನಿಲ್ಲುತ್ತಾರೆ. ಇರುವ ಪ್ರತಿಯೊಂದಕ್ಕೂ ಹುಟ್ಟು, ಅಳಿವು, ಉಳಿವು ಮೂರೂ ಒಟ್ಟಿಗೇ ಇರುತ್ತವೆ ಎಂಬುದು ಅವರ ನಿಲುವು. ದಕ್ಷಿಣದ ಆಚಾರ್ಯ ಸಮಂತಭದ್ರ ‘ಆಪ್ತಮೀಮಾಂಸೆ’ಯಲ್ಲಿ ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡುವ ಉದಾಹರಣೆ ಕೊಡುತ್ತಾನೆ. ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. ಸೊಗಸಾದ ಉತ್ತರ. ಆದರೆ ಬಗ್ಗಿಯಲ್ಲಿ ಬದಲಾಗುತ್ತಿರುವುದು ಆ ಚಿನ್ನವೇ, ಲೋಹವೇ. ಹಾಗಾದರೆ ಉಳಿಯುವುದು ಯಾವುದು?

ಕುರ್ಲಾದಲ್ಲಿ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಅಥೆನ್ಸಿನವರು ತಮ್ಮ ಪುರಾಣವೀರ ಥೀಸಿಯಸ್‌ನ ಹಡಗಿನ ಕೊಳೆತ ಹಲಗೆಗಳನ್ನು ಬದಲಿಸುತ್ತಾ ಬಂದ ಕಥೆಯನ್ನು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದ. 1655ರಲ್ಲಿ ಇಂಗ್ಲಿಷ್ ದಾರ್ಶನಿಕ ಥಾಮಸ್ ಹಾಬ್ಸ್ ಅದಕ್ಕೊಂದು ತಿರುವು ಕೊಟ್ಟ: ತೆಗೆದ ಹಲಗೆಗಳನ್ನೆಲ್ಲ ಯಾರಾದರೂ ಕೂಡಿಟ್ಟು ಅದೇ ಕ್ರಮದಲ್ಲಿ ಜೋಡಿಸಿದರೆ ಎರಡರಲ್ಲಿ ನಿಜವಾದ ಹಡಗು ಯಾವುದು? ಹಾಬ್ಸ್‌ಗೆ ಅದು ಕಲ್ಪನೆ. ಹಳೆ ಸಾಮಾನಿನ ಪೇಟೆಯಲ್ಲಿ ಅದು ದಿನದ ವ್ಯಾಪಾರ. ಒಬ್ಬನ ಬಗ್ಗಿಯಿಂದ ಇಳಿಸಿದ ಗೇರ್‌ಬಾಕ್ಸು ಇನ್ನೊಬ್ಬನ ಜೀಪಿನಲ್ಲಿ ಓಡುತ್ತಿರುತ್ತದೆ.

ಈ ಪ್ರಶ್ನೆಗೆ ಚೆಂಬೂರಿನ ಕನ್ನಡಿಗರ, ತುಳುವರ ಮನೆಗಳಲ್ಲಿ ಚೆನ್ನಾಗಿ ಗೊತ್ತಿರುವ ಒಂದು ದಾರಿಯಿದೆ. ಛೆಡ್ಡಾನಗರದ ಶ್ರೀ ಸುಬ್ರಹ್ಮಣ್ಯ ಮಠಕ್ಕೆ ಬರುವ ಭಕ್ತರಲ್ಲಿ ಊರಿನ ಯಾವುದೋ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೈಲಾದಷ್ಟು ಕೊಡದ ಕುಟುಂಬ ಸಿಗುವುದು ಕಷ್ಟ. ಕರಾವಳಿಯಲ್ಲಿ ಗರ್ಭಗುಡಿಯನ್ನು ಸುಮ್ಮನೆ ಬಿಚ್ಚುವುದಿಲ್ಲ. ಮೊದಲು ಅನುಜ್ಞಾ ಕಲಶ, ದೇವರ ಅಪ್ಪಣೆ ಕೇಳುವುದು. ನಂತರ ಸಾನ್ನಿಧ್ಯವನ್ನು ಕಲಶಕ್ಕೆ ಆವಾಹಿಸಿ ತಾತ್ಕಾಲಿಕ ಗುಡಿಯಾದ ಬಾಲಾಲಯದಲ್ಲಿ ಇಡುವುದು. ಹಳೆಯ ಗೋಡೆ ಬಿದ್ದು ಹೊಸ ಮಾಡು ಏಳುವವರೆಗೂ ಅಲ್ಲಿ ಪೂಜೆ ನಿಲ್ಲುವುದಿಲ್ಲ. ಎಲ್ಲ ಮುಗಿದ ಮೇಲೆ ಮೂರ್ತಿಯನ್ನು ಪೀಠಕ್ಕೆ ಅಷ್ಟಬಂಧದಿಂದ ಬಂಧಿಸಿ ಬ್ರಹ್ಮಕಲಶ. ಕಲ್ಲು, ಮರ, ತಾಮ್ರದ ಹೊದಿಕೆ ಎಲ್ಲ ಹೊಸದು. ಆದರೂ ಊರವರು ಅದನ್ನು ‘ನಮ್ಮ ದೇವಸ್ಥಾನ’ ಎನ್ನುತ್ತಾರೆ, ಇತಿಹಾಸವನ್ನು ಮೊದಲಿನಿಂದಲೇ ಎಣಿಸುತ್ತಾರೆ.

ಸಾನ್ನಿಧ್ಯ ದೇವರದು, ಗಾಡಿಗೆ ಅದನ್ನು ಆರೋಪಿಸುವುದು ಸಲ್ಲದು. ಆದರೆ ಈ ಕ್ರಮದಿಂದ ಕಲಿಯಬೇಕಾದ್ದಿದೆ. ಬಿಚ್ಚುವುದಕ್ಕೂ ಕಟ್ಟುವುದಕ್ಕೂ ನಡುವಿನ ಕಾಲದಲ್ಲಿ ಹೊಣೆ ಖಾಲಿ ಬಿದ್ದಿರಲಿಲ್ಲ. ಯಾವುದು ಹೋಯಿತು, ಯಾವುದು ಬಂತು, ಯಾರ ಅಪ್ಪಣೆಯಿಂದ ಎಂಬುದಕ್ಕೆ ಉತ್ತರ ಹೇಳುವವರು ಇದ್ದರು. ವಸ್ತುವಿನ ಉಳಿವು ಲೋಹದಲ್ಲೂ ಇಲ್ಲ, ಬರಿಯ ಹೆಸರಿನಲ್ಲೂ ಇಲ್ಲ. ಕೈಯಿಂದ ಕೈಗೆ ತುಂಡಾಗದೆ ಸಾಗುವ ಆ ಹೊಣೆಯಲ್ಲಿದೆ. ನಾಗಸೇನ ರಥವನ್ನು ಬಿಚ್ಚಿ ತೋರಿಸಿದ್ದು ಸರಿ. ಅದನ್ನು ಕಟ್ಟಿದವನು ಯಾರು ಎಂದು ಅವನು ಕೇಳಲಿಲ್ಲ.

ಬಂಡೆ ಹತ್ತುವ ಬಗ್ಗಿಯಲ್ಲಿ ಈ ಹೊಣೆ ಜೀವದ ಮಾತು. ಬಗ್ಗಿಯ ಬಲ ವೇಗದಲ್ಲಿಲ್ಲ, ನಿಧಾನದಲ್ಲಿದೆ. 1953ರಲ್ಲಿ ಬಂದ ವಿಲ್ಲಿಸ್ ಸಿಜೆ-3ಬಿಯನ್ನು ಲೋ ರೇಂಜಿನ ಮೊದಲ ಗೇರಿಗೆ ಹಾಕಿದರೆ ಎಂಜಿನ್ ಸುಮಾರು 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ಬರುತ್ತದೆ. ಇದಕ್ಕಾಗಿಯೇ ಕಟ್ಟಿದ ಬಗ್ಗಿಗಳಲ್ಲಿ ಈ ಅನುಪಾತ 100 ದಾಟುವುದೂ ಉಂಟು. ಅಷ್ಟು ತಿರುಚುಬಲ ಆಕ್ಸೆಲ್ ಕೊಳವೆ, ಸಸ್ಪೆನ್ಶನ್ ಕೂಡುವ ಕಿವಿಗಳು, ಪೈಪಿನ ಬೆಸುಗೆಗಳ ಮೇಲೆ ಬೀಳುತ್ತದೆ. ಸಹ್ಯಾದ್ರಿಯ ಕಪ್ಪು ಬಸಾಲ್ಟ್ ಬಂಡೆಯ ಮೇಲೆ ಒಂದು ಚಕ್ರ ಗಾಳಿಯಲ್ಲಿ ತೇಲಿದಾಗ ಇಡೀ ಭಾರ ಹೊರುವುದು ಹಳೆಯ ಮಾಲೀಕ ಹಾಕಿಸಿದ ವೆಲ್ಡಿಂಗೇ.

ಆದ್ದರಿಂದ ಒಳ್ಳೆಯ ಮೇಸ್ತ್ರಿ ಮೊದಲು ಬಣ್ಣ ಕೆರೆಯುತ್ತಾನೆ. ಕೆಳಗೆ ಪುಟ್ಟಿ ಕಂಡರೆ ಅನುಮಾನ. ಲೋಹವನ್ನು ಒರೆಸಿ ಕೆಂಪು ಡೈ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದು, ಬಿಳಿ ಡೆವಲಪರ್ ಸಿಂಪಡಿಸಿದರೆ ಕೂದಲೆಳೆಯ ಬಿರುಕೂ ಕೆಂಪು ಗೆರೆಯಾಗಿ ಮೇಲೆ ಬರುತ್ತದೆ. ಬಿರುಕಿನ ಮೇಲೆ ಇನ್ನೊಂದು ಪದರ ಬೆಸೆಯುವುದು ರಿಪೇರಿಯಲ್ಲ. ಹಳೆಯ ಬೆಸುಗೆಯನ್ನು ಬುಡದವರೆಗೆ ಗ್ರೈಂಡ್ ಮಾಡಿ ಹೊಸದಾಗಿ ತುಂಬಬೇಕು. ಪುಟ್ಟಿ ಮೆತ್ತಿ ಮಾರಿದವನು ಎಲ್ಲ ಮೂಲ ಭಾಗಗಳನ್ನು ಉಳಿಸಿಕೊಂಡಿದ್ದರೂ ಗಾಡಿಯನ್ನು ಕೊಂದಿದ್ದಾನೆ ಎಂದು ನಿಸ್ಸಂಕೋಚವಾಗಿ ಹೇಳಬಹುದು. ಅರ್ಧ ಭಾಗ ಬದಲಿಸಿ ಒಂದೊಂದನ್ನೂ ಬರೆದಿಟ್ಟವನು ಅದನ್ನು ಉಳಿಸಿದ್ದಾನೆ.

ಕಾನೂನು ಇಷ್ಟು ದೂರ ಹೋಗುವುದಿಲ್ಲ, ಹೋಗಲೂ ಆಗದು. ಅದಕ್ಕೆ ಒಂದು ಗುರುತು ಬೇಕು, ಆ ಗುರುತು ಚಾಸಿಸ್ ನಂಬರ್. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿಯಿತು. ಪೈಪಿನ ಚೌಕಟ್ಟಿನ ಬಗ್ಗಿ ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ, ಲಾರಿಯ ಮೇಲೆ ಬಂಡೆಯ ಬುಡಕ್ಕೆ ಹೋಗಬೇಕು. ಕದ್ದ ಗಾಡಿಗೆ ಬೇರೆ ಗಾಡಿಯ ನಂಬರ್ ಕೆತ್ತುವ ದಂಧೆ ಇರುವ ದೇಶದಲ್ಲಿ ಈ ಬಿಗಿ ಬೇಕೇ ಬೇಕು. ನಂಬರ್ ಒಂದೇ ಸಾಲದು ಎಂಬುದನ್ನೂ ಆ ದಂಧೆಯೇ ತೋರಿಸುತ್ತದೆ.

ದಸರೆಯಲ್ಲಿ ಬಾನೆಟ್ಟಿಗೆ ಚೆಂಡುಹೂವಿನ ಮಾಲೆ ಹಾಕಿ ಚಕ್ರದಡಿ ನಿಂಬೆಹಣ್ಣು ಇಡುವವರು ಇನ್ನೊಂದು ಕೆಲಸವನ್ನೂ ಪೂಜೆಗೆ ಸೇರಿಸಿಕೊಳ್ಳಬಹುದು. ಯಾವ ಆಕ್ಸೆಲ್ ಎಲ್ಲಿಂದ ಬಂತು, ಯಾವ ಪೈಪನ್ನು ಯಾವಾಗ ಕತ್ತರಿಸಿದ್ದು, ಬೆಸುಗೆ ಯಾರದು, ಎಲ್ಲಿ ಬಿರುಕು ಸಿಕ್ಕಿತ್ತು ಎಂಬುದನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದು ಗಾಡಿಯ ಕಾಗದಪತ್ರದ ಜೊತೆ ಇಡಬೇಕು. ಗಾಡಿ ಮಾರುವ ದಿನ ಬೆಲೆಯ ಮಾತಿಗೆ ಮುಂಚೆ ಆ ಪುಸ್ತಕ ಕೊಳ್ಳುವವನ ಕೈಗೆ ಹೋಗಬೇಕು.