ಬಿದ್ದ ಅಕ್ಕಿಯೂ ಇಟ್ಟ ಚಿತ್ರವೂ

ಶರಣಧರ್ಮವು ವ್ಯಾಪಾರವನ್ನು ಹೀನವೆಂದು ಎಣಿಸಿದ ಧರ್ಮವಲ್ಲ. ಜೇಡರ ದಾಸಿಮಯ್ಯನ ಮಗ್ಗ, ನುಲಿಯ ಚಂದಯ್ಯನ ಹಗ್ಗ, ಅಂಬಿಗರ ಚೌಡಯ್ಯನ ಹುಟ್ಟು ಇವುಗಳಿಗೆ ಶರಣಪರಂಪರೆಯಲ್ಲಿ ದೊರೆತ ಗೌರವವನ್ನು ಸದ್ಭಕ್ತರೆಲ್ಲ ಬಲ್ಲರು. ನೆಯ್ದುದನ್ನು, ಹೊಸೆದುದನ್ನು ಪೇಟೆಗೆ ಒಯ್ದು ಮಾರಿದ ಹಣದಿಂದಲೇ ದಾಸೋಹ ನಡೆಯಬೇಕಾಗಿತ್ತು. ಆದುದರಿಂದ ಮಾರಾಟವೂ ಕಾಯಕದ ಒಂದು ಅಂಗವೇ ಸರಿ. ಮಗ್ಗದ ಮುಂದೆ ಕುಳಿತಾಗ ಇರಬೇಕಾದ ಶುದ್ಧಿ ಅಂಗಡಿಯಲ್ಲಿ ಕುಳಿತಾಗಲೂ ಇರಬೇಕು.

ಇಂದು ಅಂಗಡಿಯ ಸ್ವರೂಪವೇ ಬದಲಾಗಿದೆ. ಕಟ್ಟೆಯಿಲ್ಲ, ತಕ್ಕಡಿಯಿಲ್ಲ, ಸೀರೆಯ ಮಡಿಕೆ ಬಿಚ್ಚಿ ಹರವುವ ಜಮಖಾನೆಯೂ ಇಲ್ಲ. ಮಾರುವವನು ಇಳಕಲ್ಲಿನಲ್ಲಿದ್ದರೆ ಕೊಳ್ಳುವವಳು ಮೈಸೂರಿನಲ್ಲೋ ಪುಣೆಯಲ್ಲೋ ಇರುತ್ತಾಳೆ. ಇಬ್ಬರ ನಡುವೆ ಇರುವುದು ಮೊಬೈಲಿನ ಗಾಜು, ಆ ಗಾಜಿನ ಮೇಲೆ ಮೂಡುವ ಛಾಯಾಚಿತ್ರ. ಅರಿವೆಯನ್ನು ಬೆರಳಿನಿಂದ ಮುಟ್ಟಿ ನೋಡುವ ಅವಕಾಶವಿಲ್ಲದ ಗಿರಾಕಿಗೆ ಆ ಚಿತ್ರವೇ ವ್ಯಾಪಾರಿಯ ಮಾತು. ಈ ಸರಕು ತನ್ನಲ್ಲಿದೆ, ಇದು ಹೀಗಿದೆ ಎಂದು ವ್ಯಾಪಾರಿ ಚಿತ್ರದ ಮೂಲಕ ನುಡಿ ಕೊಡುತ್ತಾನೆ. ಹೀಗಿರುವಲ್ಲಿ ಒಬ್ಬನು ತೆಗೆದ ಚಿತ್ರವನ್ನು ಮತ್ತೊಬ್ಬನು ಕೇಳದೆ ಎತ್ತಿಕೊಂಡು, ಮೂಲೆಯಲ್ಲಿದ್ದ ಹೆಸರನ್ನು ಕತ್ತರಿಸಿ, ತನ್ನ ಮಳಿಗೆಯಲ್ಲಿ ಏರಿಸುವ ಪರಿಪಾಠ ಅಂತರ್ಜಾಲದ ಪೇಟೆಯಲ್ಲಿ ಬಹಳ ಹಬ್ಬಿದೆ. ದೊಡ್ಡ ವರ್ತಕರಷ್ಟೇ ಅಲ್ಲ, ಮನೆಯಲ್ಲಿ ಕುಳಿತು ನಾಲ್ಕು ಕಾಸು ಸಂಪಾದಿಸುವ ಸದ್ಗೃಹಸ್ಥರೂ ಗೃಹಿಣಿಯರೂ ಇದನ್ನು ಮಾಡುವುದುಂಟು. ಮಾಡುವವರಲ್ಲಿ ಅನೇಕರಿಗೆ ಇದು ತಪ್ಪೆಂಬ ಭಾವನೆಯೇ ಇಲ್ಲ. ಹೆಚ್ಚು ಚಿಂತಿಸಬೇಕಾದ ಸಂಗತಿ ಅದೇ.

ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಬಹುದು. ಬಾಗಲಕೋಟೆ ಜಿಲ್ಲೆಯ ಆ ಊರಿನ ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆಯಿದೆ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾಗಿದ್ದರೂ ಸೆರಗಿಗೆ ಕೆಂಪು ರೇಷ್ಮೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿಯೇ ನೇಯಬೇಕು. ಗೋಮಿ, ಚಿಕ್ಕಿ, ಗಾಡಿದಡಿ ಎಂದು ದಡಿಗಳಲ್ಲಿಯೂ ಬಗೆಗಳುಂಟು. ಇಂಥ ಸೀರೆ ನೇಯುವ ಮನೆಯೊಂದನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಲಿ. ಯಜಮಾನನು ಕುಣಿಮಗ್ಗದಲ್ಲಿ ದಿನಗಟ್ಟಲೆ ಕುಳಿತು ಸೀರೆಯನ್ನು ಮುಗಿಸುತ್ತಾನೆ. ಓದು ಬಲ್ಲ ಸೊಸೆ ಅದನ್ನು ನೇರ ಬಿಸಿಲು ಬೀಳದ ಪಡಸಾಲೆಯಲ್ಲಿ ಹರವಿ, ಸೆರಗು ಕಾಣುವಂತೆ ಮಡಿಸಿ, ಬಣ್ಣವು ಇದ್ದಂತೆಯೇ ಮೂಡುವವರೆಗೆ ಹತ್ತಾರು ಸಲ ಚಿತ್ರ ತೆಗೆಯುತ್ತಾಳೆ. ಅದರಲ್ಲಿ ಒಂದು ಅವಳ ಮನಸ್ಸಿಗೆ ಬರುತ್ತದೆ. ಮರುವಾರ ಅದೇ ಪಡಸಾಲೆ, ಅದೇ ಕಂಬ, ಅದೇ ಸೀರೆ ದೂರದೂರಿನ ಮತ್ತೊಬ್ಬನ ಮಳಿಗೆಯಲ್ಲಿ ಅರ್ಧ ಬೆಲೆಗೆ ಕಾಣಿಸಿಕೊಳ್ಳುತ್ತದೆ. ಅವನಲ್ಲಿರುವುದು ವಿದ್ಯುತ್ ಮಗ್ಗದ ಪಾಲಿಯೆಸ್ಟರ್ ಸೀರೆ. ಮಗಳ ಕುಬಸಕ್ಕೆಂದು ತಾಯಿಯೊಬ್ಬಳು ಅದನ್ನು ತರಿಸಿ, ನಾಲ್ಕು ಜನರ ಮುಂದೆ ಬಿಚ್ಚಿದಾಗ ಅವಳ ಮುಖ ಸಣ್ಣದಾಗುತ್ತದೆ. ಅವಳು ಆ ಮಾರಾಟಗಾರನನ್ನು ಬೈದು ಸುಮ್ಮನಾಗುವುದಿಲ್ಲ. ಇಳಕಲ್ ಸೀರೆಯೇ ಈಗ ಹೀಗಾಗಿದೆ ಎಂದು ಬೀಗರೆದುರಿಗೆ ಹೇಳುತ್ತಾಳೆ. ಇನ್ನೂ ವಿಪರೀತವೆಂದರೆ, ಎರಡು ಕಡೆ ಒಂದೇ ಚಿತ್ರವನ್ನು ಕಂಡವರು ಹೆಚ್ಚು ಬೆಲೆ ಹೇಳಿದ ನೇಕಾರನನ್ನೇ ಮೋಸಗಾರನೆಂದು ಬಗೆಯುತ್ತಾರೆ.

ಚಿತ್ರವನ್ನು ಎತ್ತಿಕೊಂಡವನನ್ನು ಕೇಳಿದರೆ ಅವನ ಉತ್ತರ ಸಿದ್ಧವಾಗಿರುತ್ತದೆ. ಅಂತರ್ಜಾಲದಲ್ಲಿ ಬಿದ್ದಿತ್ತು, ತೆಗೆದುಕೊಂಡೆ. ಅವರ ಚಿತ್ರ ಅವರಲ್ಲಿಯೇ ಇದೆಯಲ್ಲ, ಅವರಿಗೆ ಕಡಿಮೆಯಾದದ್ದೇನು ಎನ್ನುತ್ತಾನೆ. ಮೇಲುನೋಟಕ್ಕೆ ಈ ಮಾತು ನ್ಯಾಯವೆಂದೇ ತೋರುತ್ತದೆ.

ಬಿದ್ದುದನ್ನು ಆಯುವುದನ್ನೇ ಕಾಯಕ ಮಾಡಿಕೊಂಡ ಶರಣನೊಬ್ಬನು ಇದ್ದಾನೆ. ಆಯ್ದಕ್ಕಿ ಮಾರಯ್ಯನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹ ನಡೆಸಿದವನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಮಡದಿ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿದಳೆಂಬ ಕಥೆ ಮನೆಮನೆಗೂ ತಿಳಿದದ್ದು. ಆ ಅಕ್ಕಿ ನೆಲಕ್ಕೆ ಬಿದ್ದದ್ದು ನಿಜ. ಅಂಗಳದ ಒಡೆಯರು ಬೇಡವೆಂದಿರಲಿಲ್ಲ. ಆಯ್ದವನು ಬೆನ್ನು ಬಗ್ಗಿಸಿ ದುಡಿದದ್ದೂ ಸುಳ್ಳಲ್ಲ. ಇಷ್ಟೆಲ್ಲ ಇದ್ದರೂ ಆ ತಾಯಿಯ ಮನಸ್ಸು ಅದನ್ನು ಒಳಕ್ಕೆ ತೆಗೆದುಕೊಳ್ಳಲಿಲ್ಲ. ಮಾರಾಟದ ಚಿತ್ರವಾದರೋ ಬಿದ್ದದ್ದೇ ಅಲ್ಲ, ಇಟ್ಟದ್ದು. ಅಂಗಡಿಯ ಮುಂದೆ ರಾಶಿ ಹಾಕಿದ ಜೋಳವನ್ನು ಹಾದಿಹೋಕರೆಲ್ಲ ನೋಡಬಹುದು. ನೋಡಲೆಂದೇ ಅದನ್ನು ಇಟ್ಟಿರುತ್ತಾರೆ. ಚೀಲ ತುಂಬಿಕೊಂಡು ಹೋಗಲೆಂದು ಇಟ್ಟಿರುವುದಿಲ್ಲ. ಮಾರಯ್ಯನಿಗೆ ಬೆನ್ನು ಬಗ್ಗಿಸುವ ಶ್ರಮವಾದರೂ ಇತ್ತು. ಇಲ್ಲಿ ಬೆರಳೊತ್ತಿದರೆ ಕೆಲಸ ಮುಗಿಯಿತು.

ಕಡಿಮೆಯಾದದ್ದೇನೆಂಬ ಪ್ರಶ್ನೆಗೂ ಉತ್ತರವಿದೆ. ಈ ಸೀರೆ ಈ ನೇಕಾರನಲ್ಲಿದೆ ಎಂಬುದಕ್ಕೆ ಸಾಕ್ಷಿಯಾಗಿರುವುದೇ ಆ ಚಿತ್ರದ ಬೆಲೆ. ಹತ್ತು ಮಳಿಗೆಗಳಲ್ಲಿ ಅದು ಕಾಣಿಸಿಕೊಂಡ ದಿನ ಆ ಸಾಕ್ಷಿ ಸತ್ತಂತೆಯೇ. ಚಿತ್ರ ಉಳಿಯಿತು, ಅದರ ಮಾತು ಹೋಯಿತು.

ಲಕ್ಕಮ್ಮನ ವಿಷಯ ಬಂದಾಗ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಮಾರಯ್ಯನ ವಚನಗಳ ಅಂಕಿತ ಅಮರೇಶ್ವರಲಿಂಗ; ಲಕ್ಕಮ್ಮನ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡಹೆಂಡಿರು, ಒಂದೇ ಮನೆ, ಒಂದೇ ಒಲೆ, ಒಂದೇ ಇಷ್ಟದೈವ. ಆದರೂ ಅವಳು ತನ್ನ ನುಡಿಗೆ ಗಂಡನ ಅಂಕಿತವನ್ನು ಇದ್ದಂತೆ ಹಚ್ಚಲಿಲ್ಲ. ಅವನ ಹೆಸರನ್ನು ಪ್ರೀತಿಯಿಂದ ಒಳಗಿಟ್ಟುಕೊಂಡೇ ತನ್ನದನ್ನು ಬೇರೆ ಮಾಡಿಕೊಂಡಳು. ಅಂಕಿತವೆಂಬುದು ಅಹಂಕಾರದ ಮುದ್ರೆಯಲ್ಲ, ಏಕೆಂದರೆ ಅದರಲ್ಲಿ ಸಾಮಾನ್ಯವಾಗಿ ವಚನಕಾರನ ಹೆಸರಿರದೆ ದೈವದ ಹೆಸರಿರುತ್ತದೆ. ನುಡಿದವರು ಯಾರೆಂಬುದು ಮಾತ್ರ ಅದರಿಂದ ತಪ್ಪದೆ ತಿಳಿಯುತ್ತದೆ. ಗುಹೇಶ್ವರ ಎಂದೊಡನೆ ಅಲ್ಲಮಪ್ರಭುವೂ, ಚೆನ್ನಮಲ್ಲಿಕಾರ್ಜುನ ಎಂದೊಡನೆ ಮಹಾದೇವಿಯಕ್ಕನೂ ನೆನಪಿಗೆ ಬರುವುದು ಅದರಿಂದಲೇ. ಸೀರೆಯ ಚಿತ್ರದ ಮೂಲೆಯಲ್ಲಿ ನೇಕಾರನು ಬರೆದ ಸಣ್ಣ ಹೆಸರೂ ಅಂಥದೇ. ಅದನ್ನು ಕತ್ತರಿಸುವ ಕೈಗೆ ತಾನು ಮಾಡುತ್ತಿರುವುದೇನೆಂಬುದು ತಿಳಿದೇ ಇರುತ್ತದೆ. ತಿಳಿಯದಿದ್ದರೆ ಆ ಹೆಸರನ್ನು ಕತ್ತರಿಸಬೇಕಾದ ಅಗತ್ಯವೇ ಇರಲಿಲ್ಲ.

ದೇಶದ ಕಾಯಿದೆಯೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1957ರ ಕೃತಿಸ್ವಾಮ್ಯದ ಕಾಯಿದೆಯು ಛಾಯಾಚಿತ್ರವನ್ನು, ಅದರಲ್ಲಿ ಕಲೆಯ ಗುಣವಿರಲಿ ಬಿಡಲಿ, ಕಲಾಕೃತಿಗಳ ಸಾಲಿನಲ್ಲಿಯೇ ಸೇರಿಸಿದೆ. ತೆಗೆದವರೇ ಅದರ ಕರ್ತೃಗಳು. ತೆಗೆದವರ ಜೀವಿತಕಾಲವಿಡೀ, ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳವರೆಗೂ ಹಕ್ಕು ಉಳಿಯುತ್ತದೆ. ತಿಳಿದೂ ಲಾಭಕ್ಕಾಗಿ ಅದನ್ನು ಮುರಿದವರಿಗೆ 6 ತಿಂಗಳಿನಿಂದ 3 ವರ್ಷಗಳವರೆಗೆ ಸೆರೆವಾಸವನ್ನೂ, 50,000 ರೂಪಾಯಿಗಳಿಂದ 2 ಲಕ್ಷದವರೆಗೆ ದಂಡವನ್ನೂ ವಿಧಿಸಬಹುದು. ತೋರಿಸಿದ ಸರಕಿಗೂ ಕಳುಹಿದ ಸರಕಿಗೂ ಹೊಂದಿಕೆಯಿಲ್ಲದಿದ್ದರೆ ಮಾರಾಟಗಾರನು ಅದನ್ನು ಹಿಂದಕ್ಕೆ ಪಡೆಯಲು ನಿರಾಕರಿಸಕೂಡದೆಂದು 2020ರ ಗ್ರಾಹಕ ಸಂರಕ್ಷಣೆಯ ನಿಯಮಗಳು ಹೇಳುತ್ತವೆ. 2022ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು, ಉಡುಪಿನ ವ್ಯಾಪಾರಿಯೊಬ್ಬರ ಹೆಸರಿಗೂ ಚಿತ್ರಗಳಿಗೂ ಅನ್ಯ ಮಾರಾಟಗಾರರು ಅಂಟಿಕೊಂಡು ಮಾರುವುದನ್ನು ಅವರ ಒಪ್ಪಿಗೆಯಿಲ್ಲದೆ ನಡೆಸಲಾಗದೆಂದು ತಡೆಯಿತು. ಆದರೇನು? ಇಳಕಲ್ಲಿನ ನೇಕಾರನು ಮಗ್ಗ ನಿಲ್ಲಿಸಿ ದೆಹಲಿಗೆ ಹೋಗಬಲ್ಲನೆ? ಆ ಅಂತರ್ಜಾಲದ ಮಳಿಗೆಗೆ ದೂರು ಬರೆಯುವುದು, ತಾನು ಮೊದಲು ತೆಗೆದ ಮೂಲ ಚಿತ್ರಗಳನ್ನು ಅಳಿಸದೆ ಕಾಪಾಡಿ ಇಟ್ಟುಕೊಂಡು ತೋರಿಸುವುದು, ಇವಿಷ್ಟು ಅವನ ಕೈಯಲ್ಲಿವೆ.

ಇಲ್ಲಿ ಒಂದು ಕಠಿನವಾದ ಪ್ರಶ್ನೆಯುಂಟು. ಅದೇ ನೇಕಾರನಿಂದ ಅದೇ ಸೀರೆಯನ್ನು ಕೊಂಡು ತಂದ ಸಣ್ಣ ವ್ಯಾಪಾರಿ ಅವನ ಚಿತ್ರವನ್ನು ಹಾಕಿದರೆ ಗಿರಾಕಿಗೆ ಮೋಸವೇನೂ ಆಗುವುದಿಲ್ಲವಲ್ಲ? ಆಗುವುದಿಲ್ಲ, ನಿಜ. ಸರಕು ಸಾಚಾ, ಬೆಲೆಯೂ ಸಾಚಾ ಇರಬಹುದು. ಆದರೂ ಸೊಸೆಯ ಆ ಒಂದು ಬೆಳಗಿನ ದುಡಿಮೆಗೆ ಅವನು ಬೆಲೆ ಕೊಟ್ಟಿಲ್ಲ, ಅವಳನ್ನು ಕೇಳಿಯೂ ಇಲ್ಲ. ಕೇಳಿದ್ದರೆ ಬಹುಶಃ ಅವಳು ಸಂತೋಷದಿಂದಲೇ ಕೊಡುತ್ತಿದ್ದಳು. ಸಗಟು ವ್ಯಾಪಾರಿಗಳು ಹಂಚಿಕೊಳ್ಳಲೆಂದೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಚಿತ್ರಗಳನ್ನು ಕಳುಹುವುದುಂಟು. ಅವರು ಸ್ವತಃ ತೆಗೆಸಿದ ಚಿತ್ರಗಳಾಗಿದ್ದರೆ ಅಂಥವನ್ನು ಬಳಸುವುದರಲ್ಲಿ ದೋಷವಿಲ್ಲ. ಅವು ಯಾರವೆಂದು ಒಮ್ಮೆ ವಿಚಾರಿಸುವುದು ಮಾತ್ರ ಉಚಿತ. ಇನ್ನು ವ್ಯಾಪಾರಿಗಳನ್ನಷ್ಟೇ ದೂರಿ ಪ್ರಯೋಜನವಿಲ್ಲ. ಜಾತ್ರೆಯ ಕರಪತ್ರಕ್ಕೂ ಪುರಾಣದ ಭಿತ್ತಿಪತ್ರಕ್ಕೂ ಕೂಡಲಸಂಗಮದ ಸುಂದರ ಚಿತ್ರವೊಂದನ್ನು ಅಂತರ್ಜಾಲದಿಂದ ಎತ್ತಿ ಅಚ್ಚು ಹಾಕಿಸುವ ಭಕ್ತಮಂಡಳಿಗಳು ಬೇಕಾದಷ್ಟಿವೆ. ಧರ್ಮಕಾರ್ಯವೆಂಬ ಕಾರಣಕ್ಕೆ ಅಲ್ಲಿ ಒಪ್ಪಿಗೆ ಬೇಡವೆಂದು ಯಾರು ಹೇಳಿದರು?

ಈಗಾಗಲೇ ಪರರ ಚಿತ್ರಗಳಿಂದ ಮಳಿಗೆ ತುಂಬಿಸಿಕೊಂಡ ಸದ್ಭಕ್ತರು ಮಾಡಬೇಕಾದುದು ಕಷ್ಟದ ಕೆಲಸವೇನಲ್ಲ. ಆ ಚಿತ್ರಗಳನ್ನು ತೆಗೆದುಹಾಕಿ, ತೆಗೆದವರಿಗೆ ಒಂದು ಮಾತು ತಿಳಿಸಿ ಕ್ಷಮೆ ಕೇಳುವುದು; ಅವರು ಬೆಲೆ ಕೇಳಿದರೆ ಕೊಡುವುದು; ಬೇಡವೆಂದರೆ ಮನಸ್ಸಿನಲ್ಲಿ ಮುನಿಸಿಟ್ಟುಕೊಳ್ಳದೆ ಬಿಡುವುದು. ಆ ಬಳಿಕ ತಮ್ಮ ಕೈಯಲ್ಲಿರುವ ಸರಕನ್ನೇ ಬಾಗಿಲ ಬೆಳಕಿಗೆ ಹಿಡಿದು ಚಿತ್ರ ತೆಗೆದುಕೊಳ್ಳಬಹುದು. ಮೊದಮೊದಲು ಅದು ಸ್ವಲ್ಪ ಮಸುಕಾಗಿ ಬಂದೀತು, ಬಣ್ಣವೂ ಸರಿಯಾಗಿ ಮೂಡದೆ ಹೋದೀತು, ಒಂದೆರಡು ಗಿರಾಕಿಗಳು ಕೈತಪ್ಪಿದರೂ ತಪ್ಪಿಯಾರು. ಬಂದ ಗಿರಾಕಿಗೆ ಕಟ್ಟು ಬಿಚ್ಚಿದಾಗ ಕಾಣುವುದು ಚಿತ್ರದಲ್ಲಿ ಕಂಡ ಸೀರೆಯೇ.